ಸೊಂಟದ ಎಕ್ಸ್‌ರೇ ರಿಪೋರ್ಟ್‌ನಲ್ಲಿ ‘ಡಿಸ್ಕ್ ಸವೆದಿದೆ’ ಅಂದ್ರೆ ಅಲ್ಲಿ ನಿಜವಾಗ್ಲೂ ಕಂಡಿದ್ದೇನು?

ಸೊಂಟ ನೋವು ಅಂತ ಹೋದ್ರೆ ಎಕ್ಸ್‌ರೇ ಬರ್ಕೊಡೋದು ಮಾಮೂಲಿ. ತೆಗ್ಸಿದ್ಮೇಲೆ ಆ ದೊಡ್ಡ ಕವರ್ ಜೊತೆ ಒಂದು ಹಾಳೆ ಕೊಡ್ತಾರಲ್ಲ, ನಲವತ್ತು ದಾಟಿದವರ ಹಾಳೆ ತೆಗೆದು ನೋಡಿದ್ರೆ ಹೆಚ್ಚುಕಮ್ಮಿ ಎಲ್ಲರದ್ರಲ್ಲೂ ಇವೇ ಸಾಲು ಇರತ್ವೆ. ‘ರಿಡ್ಯೂಸ್ಡ್ ಡಿಸ್ಕ್ ಸ್ಪೇಸ್ ಅಟ್ ಎಲ್4-ಎಲ್5. ಮಾರ್ಜಿನಲ್ ಆಸ್ಟಿಯೋಫೈಟ್ಸ್ ಸೀನ್. ಎಂಡ್‌ಪ್ಲೇಟ್ ಸ್ಕ್ಲೆರೋಸಿಸ್ ನೋಟೆಡ್. ಲಾಸ್ ಆಫ್ ಲಂಬಾರ್ ಲಾರ್ಡೋಸಿಸ್.’ ಕೊನೇಲಿ ದಪ್ಪಕ್ಷರದಲ್ಲಿ ‘ಲಂಬಾರ್ ಸ್ಪಾಂಡಿಲೋಸಿಸ್’, ಅಂದ್ರೆ ಸೊಂಟದ ಬೆನ್ನುಮೂಳೆಯ ಸವೆತ.

ಅಲ್ಲಿಂದ ಮನೇಲಿ ಶುರು. ಬೆನ್ನುಮೂಳೆ ಸವೆದೋಗಿದೆಯಂತೆ, ಎಲುಬು ಬೆಳೆದಿದೆಯಂತೆ, ಗ್ಯಾಪ್ ಬಂದಿದೆಯಂತೆ, ಇನ್ಮೇಲೆ ಒಂದು ಕೊಡ ನೀರೂ ಎತ್ತಂಗಿಲ್ಲವಂತೆ. ಡಾಕ್ಟರ್ ಹತ್ರಾನೇ ಬಿಡಿಸಿ ಕೇಳೋಣ ಅಂದ್ರೆ ಹೊರಗೆ ಇನ್ನೂ ಇಪ್ಪತ್ತು ಜನ ಟೋಕನ್ ಹಿಡ್ಕೊಂಡು ಕೂತಿರ್ತಾರೆ, ಅವರಾದ್ರೂ ಏನು ಮಾಡ್ತಾರೆ ಪಾಪ. ಅದಕ್ಕೆ ಆ ಸಾಲುಗಳನ್ನ ಇಲ್ಲಿ ಒಂದೊಂದಾಗಿ ಬಿಡಿಸಿ ನೋಡೋಣ. ಇಡೀ ಲೇಖನಕ್ಕೆ ಆಧಾರ ಆಗೋ ಸಂಗತಿ ಒಂದಿದೆ, ಅದನ್ನ ಮೊದಲೇ ಹೇಳ್ಬಿಡ್ತೀನಿ: ಎಕ್ಸ್‌ರೇನಲ್ಲಿ ಡಿಸ್ಕ್ ಕಾಣೋದೇ ಇಲ್ಲ.

## ಡಿಸ್ಕ್ ಎಲ್ಲಿದೆ, ಅದರೊಳಗೆ ಏನಿದೆ

ಪಕ್ಕೆಲುಬು ಮುಗಿದ ಮೇಲೆ, ಸೊಂಟದ ಭಾಗದಲ್ಲಿ ಐದು ದಪ್ಪ ದಪ್ಪ ಮೂಳೆ ಒಂದರ ಮೇಲೊಂದು ಕೂತಿವೆ. ಇವುಗಳಿಗೆ ಮೇಲಿಂದ ಕೆಳಕ್ಕೆ ಎಲ್1, ಎಲ್2, ಎಲ್3, ಎಲ್4, ಎಲ್5 ಅಂತ ಹೆಸರು, ಎಲ್ ಅಂದ್ರೆ ಲಂಬಾರ್, ಅಂದ್ರೆ ಸೊಂಟದ್ದು ಅಂತ ಅಷ್ಟೇ. ಎಲ್5 ಕೆಳಗಡೆ ತ್ರಿಕೋನದ ಒಂದು ಮೂಳೆ ಇದೆ, ಅದು ಸೇಕ್ರಮ್, ಅದರ ಮೇಲಿನ ತುದಿ ಎಸ್1. ಎರಡೆರಡು ಮೂಳೆ ನಡುವೆ ಒಂದೊಂದು ಡಿಸ್ಕ್, ಕುತ್ತಿಗೆಯಿಂದ ಕೆಳಗಿನ ತನಕ ಒಟ್ಟು 23 ಡಿಸ್ಕ್ ಇವೆ. ರಿಪೋರ್ಟ್‌ನಲ್ಲಿ ‘ಎಲ್4-ಎಲ್5’ ಅಂತ ಬರೆದಿದ್ರೆ ನಾಲ್ಕನೇ ಮತ್ತು ಐದನೇ ಮೂಳೆ ನಡುವಿನ ಡಿಸ್ಕ್ ಅಂತ ಓದ್ಕೋಬೇಕು. ಹೆಚ್ಚಾಗಿ ಹಾಳಾಗೋದು ಇದು ಮತ್ತೆ ಇದರ ಕೆಳಗಿನ ಎಲ್5-ಎಸ್1, ಯಾಕಂದ್ರೆ ಮೇಲಿನ ಮೈಯ ಭಾರ ಎಲ್ಲ ಬಂದು ಬೀಳೋದೂ ಅಲ್ಲೇ, ಬಗ್ಗೋದು ಏಳೋದು ಜಾಸ್ತಿ ನಡೆಯೋದೂ ಅಲ್ಲೇ.

ಡಿಸ್ಕ್‌ಗೆ ಮೂರು ಭಾಗ. ಹೊರಗಡೆ ಗಟ್ಟಿ ನಾರಿನ ಬಳೆ, ಇದರಲ್ಲಿ 15ರಿಂದ 25 ಪದರ ಇರತ್ವೆ, ಒಂದು ಪದರದ ನಾರು ಈ ಕಡೆ ಓರೆ ಇದ್ರೆ ಮುಂದಿನ ಪದರದ್ದು ಆ ಕಡೆ ಓರೆ. ನಡುವೆ ನೀರು ತುಂಬಿರೋ ಮೆತ್ತನೆ ತಿರುಳು. ಮೇಲೂ ಕೆಳಗೂ ಮೂಳೆಗೆ ತಾಗೋ ಕಡೆ ತೆಳ್ಳನೆ ಮೃದ್ವಸ್ಥಿಯ ಹಾಳೆ, ಇದೇ ಎಂಡ್‌ಪ್ಲೇಟ್. ಈ ಎಂಡ್‌ಪ್ಲೇಟ್ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಮತ್ತೆ ಬರತ್ತೆ.

## ಅದು ಒಣಗೋದು ಯಾಕೆ

ಹುಟ್ಟಿದ ಮಗುವಿನ ಡಿಸ್ಕ್ ತಿರುಳಲ್ಲಿ ಹತ್ತಿರ ಹತ್ತಿರ ಶೇಕಡಾ 90 ನೀರೇ ಇರತ್ತೆ. ವಯಸ್ಸಾಗ್ತಾ ಅದು 70ರ ಆಸುಪಾಸಿಗೆ ಇಳಿಯತ್ತೆ. ನೀರನ್ನ ಅಲ್ಲಿ ಹಿಡಿದಿಟ್ಕೊಳ್ಳೋದು ಪ್ರೋಟಿಯೋಗ್ಲೈಕನ್ ಅನ್ನೋ ದೊಡ್ಡ ಅಣುಗಳು, ಇವು ಕಮ್ಮಿ ಆದಷ್ಟೂ ತಿರುಳು ನೀರು ಬಿಟ್ಕೊಡತ್ತೆ, ನಾರು ನಾರಾಗತ್ತೆ, ಹೊರಗಿನ ಬಳೇಲಿ ಬಿರುಕು ಬೀಳತ್ತೆ.

ನೀರು ಹೋಗಿ ಬರೋದು ದಿನಾನೂ ನಡೆಯೋ ವ್ಯವಹಾರಾನೇ. ಬೆಳಿಗ್ಗೆ ಎದ್ದಾಗ ನಮ್ಮ ಎತ್ತರ ಎಷ್ಟಿರತ್ತೋ ರಾತ್ರಿ ಹೊತ್ತಿಗೆ ಅದರಲ್ಲಿ ಸುಮಾರು ಶೇಕಡಾ 1ರಷ್ಟು ಕಮ್ಮಿ ಆಗಿರತ್ತೆ, ಇಡೀ ದಿನ ಭಾರ ಬಿದ್ದು ಡಿಸ್ಕ್‌ಗಳಿಂದ ನೀರು ಹಿಂಡಿ ಹೋಗಿರತ್ತೆ, ಮಲಗಿದಾಗ ಮತ್ತೆ ಎಳ್ಕೊಳ್ಳತ್ತೆ. ಎಳ್ಕೊಳ್ಳೋ ಈ ಶಕ್ತಿ ಕುಗ್ಗಿದ್ರೇನೇ ಸವೆತ.

ಮೂಳೆ ಮುರಿದ್ರೆ ಕೂಡ್ಕೊಳ್ಳತ್ತೆ, ಚರ್ಮ ಕಿತ್ರೆ ಮಾಯತ್ತೆ, ಡಿಸ್ಕ್ ಮಾತ್ರ ಯಾಕೆ ಮೊದಲಿನ ಹಾಗೆ ಆಗಲ್ಲ ಅಂತ ಕೇಳಬಹುದು. ದೊಡ್ಡವರ ಡಿಸ್ಕ್ ಒಳಗೆ ರಕ್ತನಾಳಾನೇ ಇರಲ್ಲ, ದೇಹದಲ್ಲಿ ರಕ್ತ ಸಂಚಾರ ಇಲ್ಲದ ಅತಿ ದೊಡ್ಡ ಭಾಗ ಇದೇ. ಸಕ್ಕರೆ, ಆಮ್ಲಜನಕ ಎಲ್ಲ ಪಕ್ಕದ ಮೂಳೆಯಿಂದ ಎಂಡ್‌ಪ್ಲೇಟ್ ಮೂಲಕ ಜಿನುಗಿಕೊಂಡೇ ಬರಬೇಕು. ಮಗುವಾಗಿದ್ದಾಗ ಎಂಡ್‌ಪ್ಲೇಟ್‌ನಲ್ಲಿ ಇರೋ ಸಣ್ಣ ರಕ್ತನಾಳಗಳು ಬೆಳೀತಾ ಮಾಯ ಆಗ್ತವೆ, ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಸವೆತದ ಮೊದಲ ಗುರುತು ಹದಿಹರೆಯದಲ್ಲೇ ಸಿಗತ್ತೆ. ಎಕ್ಸ್‌ರೇಗೆ ಕಾಣೋ ಹೊತ್ತಿಗೆ ಎಷ್ಟೋ ವರ್ಷ ಕಳೆದಿರತ್ತೆ.

ಭಾರ ಎತ್ತಿದ್ದಕ್ಕೆ, ಗಾಡಿ ಓಡಿಸಿದ್ದಕ್ಕೆ ಹೀಗಾಯ್ತು ಅಂತ ತಮ್ಮನ್ನ ತಾವೇ ಬೈಕೊಳ್ಳೋರು ತುಂಬಾ. ಫಿನ್‌ಲ್ಯಾಂಡ್‌ನಲ್ಲಿ ಒಂದೇ ರೂಪದ ಅವಳಿ ಗಂಡಸರನ್ನ ಇಟ್ಕೊಂಡು ಮಾಡಿದ ಅಧ್ಯಯನಗಳಿವೆ, ಅವಳಿಗಳಲ್ಲಿ ಒಬ್ಬ ಜೀವನ ಪೂರ್ತಿ ಮೈಮುರಿಯೋ ಕೆಲಸ ಮಾಡಿದವನು, ಇನ್ನೊಬ್ಬ ಕುರ್ಚಿ ಮೇಲೆ ಕೂತವನು, ಆದ್ರೂ ಇಬ್ಬರ ಡಿಸ್ಕ್‌ಗಳು ಸವೆದ ರೀತಿ ಆಶ್ಚರ್ಯ ಆಗೋಷ್ಟು ಒಂದೇ ಥರ ಇತ್ತು. ಕೆಲಸದ ಪಾಲು ಇದೆ, ಆದ್ರೆ ಅಪ್ಪ ಅಮ್ಮನಿಂದ ಬಂದ ಪಾಲಿನ ಮುಂದೆ ಸಣ್ಣದು. ಸಿಗರೇಟಿನ ಪಾಲೂ ಸ್ವಲ್ಪ ಇದೆ.

## ಎಕ್ಸ್‌ರೇಗೆ ಕಾಣೋದೇನು, ಕಾಣದೇ ಇರೋದೇನು

1895ರಲ್ಲಿ ಜರ್ಮನಿಯ ರಾಂಟ್‌ಜನ್ ಈ ಕಿರಣ ಕಂಡುಹಿಡಿದಾಗಿನಿಂದ ಇದರ ಸ್ವಭಾವ ಒಂದೇ: ಕ್ಯಾಲ್ಸಿಯಂ ಇರೋ ಮೂಳೆ ಕಿರಣವನ್ನ ತಡೆಯತ್ತೆ, ಅದು ಬೆಳ್ಳಗೆ ಬೀಳತ್ತೆ. ಗಾಳಿ ತಡೆಯಲ್ಲ, ಅದು ಕಪ್ಪು. ಮಾಂಸಖಂಡ, ನರ, ರಕ್ತ, ಡಿಸ್ಕ್ ಇವೆಲ್ಲ ಮುಕ್ಕಾಲು ಪಾಲು ನೀರಿನವೇ ಆಗಿದ್ದರಿಂದ ಎಲ್ಲಾ ಒಂದೇ ಥರ ಬೂದು ಬಣ್ಣ, ಯಾವುದು ಎಲ್ಲಿ ಮುಗೀತು ಅಂತ ಗೊತ್ತೇ ಆಗಲ್ಲ. ಡಿಸ್ಕ್ ಹಿಂದಕ್ಕೆ ಉಬ್ಬಿ ನರ ಒತ್ತಿದ್ರೂ ಎಕ್ಸ್‌ರೇಗೆ ಅದು ಕಾಣಲ್ಲ, ಅದಕ್ಕೆ ಎಂಆರ್‌ಐ ಬೇಕು.

ಹಾಗಾದ್ರೆ ಎಕ್ಸ್‌ರೇ ನೋಡಿ ಡಿಸ್ಕ್ ಬಗ್ಗೆ ಹೇಗೆ ಹೇಳ್ತಾರೆ? ಬತ್ತಿದ ಕೆರೆ ಮುಂದೆ ನಿಂತು ತೂಬಿನ ಕಲ್ಲಿನ ಮೇಲೆ ಉಳಿದ ಗೆರೆ ನೋಡಿ ಒಂದು ಕಾಲಕ್ಕೆ ಇಲ್ಲೀತನಕ ನೀರಿತ್ತು ಅಂತ ಊರವರು ಹೇಳ್ತಾರಲ್ಲ, ಹಾಗೆ. ನೀರು ಕಣ್ಣಿಗೆ ಬಿದ್ದಿರಲ್ಲ, ಬಿದ್ದಿರೋದು ಕಲ್ಲಿನ ಗುರುತು. ಇಲ್ಲೂ ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ನಡುವೆ ಎಷ್ಟು ಜಾಗ ಉಳಿದಿದೆ, ಆ ಮೂಳೆಗಳ ಅಂಚು ಹೇಗಾಗಿದೆ ಅಂತ ನೋಡಿ ನಡುವಿನದರ ಕಥೆ ಊಹೆ ಮಾಡೋದು. ರಿಪೋರ್ಟ್‌ನಲ್ಲಿ ಇರೋ ಆ ಸಾಲುಗಳೆಲ್ಲ ಮೂಳೆ ಬಗ್ಗೆನೇ ಹೊರತು ಡಿಸ್ಕ್ ಬಗ್ಗೆ ನೇರವಾಗಿ ಒಂದೂ ಇಲ್ಲ.

ಸಾಮಾನ್ಯವಾಗಿ ಎರಡು ಫೋಟೋ ತೆಗೀತಾರೆ, ಒಂದು ಎದುರಿಂದ, ಇನ್ನೊಂದು ಪಕ್ಕದಿಂದ. ಡಿಸ್ಕ್ ವಿಷಯಕ್ಕೆ ಪಕ್ಕದ ಫೋಟೋನೇ ಮುಖ್ಯ. ಫಿಲ್ಮ್ ಇದ್ರೆ ಕಿಟಕಿ ಬೆಳಕಿಗೆ ಹಿಡೀರಿ. ಕೆಳಗೆ ಓರೆಯಾಗಿ ಹಿಂದಕ್ಕೆ ಬಾಗಿರೋದು ಸೇಕ್ರಮ್, ಅದರ ಮೇಲಿಂದ ಎಣಿಸ್ಕೊಂಡು ಹೋಗಿ, ಚೌಕ ಚೌಕ ಕಾಣೋ ಮೂಳೆಗಳು ಐದು, ನಾಲ್ಕು, ಮೂರು ಹೀಗೆ. ಚೌಕದ ಹಿಂದೆ ರೆಕ್ಕೆ ಥರ ಚಾಚಿರೋ ಭಾಗ ಬೆನ್ನಿನ ಕಡೆ, ನಯವಾಗಿರೋದು ಹೊಟ್ಟೆ ಕಡೆ. ನಡು ನಡುವೆ ಕರ್ರಗೆ ಮೋಡ ಮೋಡ ಕಂಡ್ರೆ ಗಾಬರಿ ಬೇಡ, ಅದು ಕರುಳಿನ ಗ್ಯಾಸು. ಸೊಂಟದ ಸುತ್ತ ಬೆಳ್ಳಗೆ ಗೆರೆ ಕಂಡ್ರೆ ಬೆಳ್ಳಿ ಉಡುದಾರ ತೆಗೆಯೋದು ಮರೆತಿದ್ದಾರೆ ಅಂತ ಅರ್ಥ.

## ಮೊದಲ ಸಾಲು: ಡಿಸ್ಕ್ ಸ್ಪೇಸ್ ಕಮ್ಮಿ ಆಗಿದೆ

ನಮ್ಮ ಕಡೆ ‘ಗ್ಯಾಪ್ ಬಂದಿದೆ’ ಅಂತ ಹೇಳಿ ಹೇಳಿ ಎಷ್ಟೋ ಜನ ಮೂಳೆ ಮೂಳೆ ದೂರ ಸರಿದಿವೆ ಅಂತ ತಿಳ್ಕೊಂಡಿದ್ದಾರೆ. ಆಗಿರೋದು ಉಲ್ಟಾ, ಇದ್ದ ಗ್ಯಾಪ್ ಕಮ್ಮಿ ಆಗಿರೋದು. ಆರೋಗ್ಯವಾಗಿರೋ ಸೊಂಟದ ಡಿಸ್ಕ್ ಸುಮಾರು ಒಂದು ಸೆಂಟಿಮೀಟರ್ ಆಸುಪಾಸು ಎತ್ತರ ಇರತ್ತೆ. ಮೇಲಿನ ಎಲ್1-ಎಲ್2ಗಿಂತ ಕೆಳಗಿಂದು ಸ್ವಲ್ಪ ಎತ್ತರ, ಅದಕ್ಕಿಂತ ಅದರ ಕೆಳಗಿಂದು ಇನ್ನೊಂಚೂರು, ಹೀಗೆ ಏರ್ತಾ ಬಂದು ಎಲ್4-ಎಲ್5 ಎಲ್ಲಕ್ಕಿಂತ ದೊಡ್ಡದಾಗಿರತ್ತೆ. ಅದಕ್ಕೇ ರೇಡಿಯಾಲಜಿಸ್ಟ್‌ಗಳು, ಅಂದ್ರೆ ಎಕ್ಸ್‌ರೇ ನೋಡಿ ರಿಪೋರ್ಟ್ ಬರೆಯೋ ಡಾಕ್ಟರ್‌ಗಳು, ಬಹಳ ಸಲ ಸ್ಕೇಲ್ ಹಿಡಿಯಲ್ಲ, ಮೇಲಿನ ಡಿಸ್ಕ್ ಜೊತೆ ಹೋಲಿಸಿ ನೋಡ್ತಾರೆ. ಏರಬೇಕಾದ ಕಡೆ ಇಳಿದಿದ್ರೆ ಅಲ್ಲಿ ಸವೆದಿದೆ ಅಂತ.

ಆದ್ರೆ ಎಲ್5-ಎಸ್1ಗೆ ಈ ಲೆಕ್ಕ ನಡೆಯಲ್ಲ. ಅದು ಎಷ್ಟೋ ಜನರಿಗೆ ಹುಟ್ಟಿನಿಂದಲೇ ಎಲ್4-ಎಲ್5ಗಿಂತ ಸ್ವಲ್ಪ ಕಿರಿದು, ಸವೆತ ಏನೂ ಇಲ್ಲದೇನೂ. ಇನ್ನು ಕೆಲವರಿಗೆ ಕೊನೆಯ ಲಂಬಾರ್ ಮೂಳೆ ಸೇಕ್ರಮ್‌ಗೆ ಅರ್ಧ ಬೆಸೆದುಕೊಂಡೇ ಹುಟ್ಟಿರತ್ತೆ, ಇದನ್ನ ರಿಪೋರ್ಟ್‌ನಲ್ಲಿ ಸೇಕ್ರಲೈಸೇಶನ್ ಅಂತ ಬರೀತಾರೆ. ಅಂಥವರಲ್ಲಿ ಆ ಜಾಗದ ಡಿಸ್ಕ್ ಬೆಳೆದೇ ಇರಲ್ಲ, ಸಣ್ಣ ಗೆರೆ ಥರ ಉಳಿದಿರತ್ತೆ. ಗೊತ್ತಿಲ್ಲದವರು ನೋಡಿದ್ರೆ ಪೂರ್ತಿ ಸವೆದೋಗಿದೆ ಅನ್ಸತ್ತೆ, ಆದ್ರೆ ಸವೆಯೋದಕ್ಕೆ ಅಲ್ಲಿ ಏನೂ ಇರ್ಲೇ ಇಲ್ಲ.

ಫೋಟೋ ತೆಗೆಯೋ ರೀತಿಯಿಂದಲೂ ಮೋಸ ಆಗತ್ತೆ. ಕಿರಣ ಡಿಸ್ಕ್‌ಗೆ ಸಮಾನಾಂತರವಾಗಿ ಹೋಗದೆ ಓರೆಯಾಗಿ ಹೋದ್ರೆ, ಅಥವಾ ಮಲಗಿದವರು ಒಂದು ಕಡೆ ವಾಲಿದ್ರೆ, ಮೇಲಿನ ಮೂಳೆ ನೆರಳು ಕೆಳಗಿನದರ ಮೇಲೆ ಬಿದ್ದು ಜಾಗ ಕಿರಿದಾದಂಗೆ ಕಾಣತ್ತೆ. ಇನ್ನೊಂದು, ಜಾಗ ಕಿರಿದಾಗೋದು ಸವೆತದ ತಡವಾದ ಗುರುತು. ಎಂಆರ್‌ಐನಲ್ಲಿ ಡಿಸ್ಕ್ ಆಗಲೇ ಒಣಗಿ ಕಪ್ಪಾಗಿದ್ರೂ ಎಕ್ಸ್‌ರೇನಲ್ಲಿ ಎತ್ತರ ಪೂರ್ತಿ ಸರಿಯಾಗೇ ಇರಬಹುದು. ಹಾಗಾಗಿ ನಾರ್ಮಲ್ ಎಕ್ಸ್‌ರೇ ಬಂತು ಅಂದ್ರೆ ಡಿಸ್ಕ್ ನಾರ್ಮಲ್ ಅಂತ ಸರ್ಟಿಫಿಕೇಟ್ ಅಲ್ಲ.

## ಆಸ್ಟಿಯೋಫೈಟ್: ಎಲುಬು ಬೆಳೆದಿದೆ ಅನ್ನೋದು ಇದೇ

ಮೂಳೆಯ ಮೂಲೆಗಳಿಂದ ಸಣ್ಣ ಕೊಕ್ಕೆ ಥರ ಹೊರಗೆ ಚಾಚಿಕೊಂಡಿರೋದು ಆಸ್ಟಿಯೋಫೈಟ್. ಡಿಸ್ಕ್‌ನ ಹೊರಬಳೆಯ ನಾರುಗಳು ಮೂಳೆಯ ಅಂಚಿಗೆ ಬೇರು ಬಿಟ್ಟಿರ್ತವೆ, ಡಿಸ್ಕ್ ಸಡಿಲ ಆಗಿ ಅತ್ತಿತ್ತ ಅಲುಗಾಡೋಕೆ ಶುರು ಆದಾಗ ಆ ಬೇರಿನ ಜಾಗದಲ್ಲಿ ಎಳೆತ ಜಾಸ್ತಿ ಆಗತ್ತೆ, ಎಳೆತ ಬಿದ್ದ ಕಡೆ ಮೂಳೆ ಹೊಸದಾಗಿ ಬೆಳ್ಕೊಳ್ಳತ್ತೆ. ಭಾರ ಬೀಳೋ ಜಾಗ ಅಗಲ ಮಾಡ್ಕೊಂಡು ಅಲುಗಾಟ ನಿಲ್ಲಿಸೋಕೆ ದೇಹ ಮಾಡೋ ಉಪಾಯ ಇದು ಅಂತಾನೂ ಹೇಳಬಹುದು. ಇದರಿಂದ ಬೆನ್ನು ಸ್ವಲ್ಪ ಬಿಗಿ ಆಗತ್ತೆ ನಿಜ, ಆದ್ರೆ ಮುಂಭಾಗದಲ್ಲಿ, ಅಂದ್ರೆ ಹೊಟ್ಟೆ ಕಡೆ ಬೆಳೆದ ಕೊಕ್ಕೆ ಸಾಮಾನ್ಯವಾಗಿ ಕಾಲಿಗೆ ಹೋಗೋ ನರಗಳನ್ನ ಮುಟ್ಟಲ್ಲ, ಆ ನರಗಳು ಹೊರಬರೋದು ಹಿಂಭಾಗದಲ್ಲಿ. ಎಕ್ಸ್‌ರೇನಲ್ಲಿ ಎದ್ದು ಕಾಣೋದು ಈ ಮುಂದಿನವೇ, ಜನ ಹೆದರೋದೂ ಇವನ್ನ ನೋಡೇ. ಹಿಂಭಾಗದಲ್ಲಿ, ನರ ಹೊರಬರೋ ಕಿಂಡಿ ಹತ್ರ ಬೆಳೆದ್ರೆ ಮಾತ್ರ ಕಾಲಿಗೆ ಸೆಳೆತ ತರೋ ಸಾಧ್ಯತೆ ಇರತ್ತೆ.

ಇದನ್ನ ಕರಗಿಸೋ ಮಾತ್ರೆ, ಎಣ್ಣೆ, ಬೆಲ್ಟು ಯಾವುದೂ ಇಲ್ಲ. ಕ್ಯಾಲ್ಸಿಯಂ ಮಾತ್ರೆ ತಿಂದಿದ್ದಕ್ಕೆ ಎಲುಬು ಬೆಳೀತು ಅಂತ ನಿಲ್ಲಿಸಿಬಿಡೋರೂ ಇದ್ದಾರೆ, ಈ ಬೆಳವಣಿಗೆಗೆ ಕಾರಣ ಎಳೆತ, ಮಾತ್ರೆ ಅಲ್ಲ.

## ಎಂಡ್‌ಪ್ಲೇಟ್ ಸ್ಕ್ಲೆರೋಸಿಸ್ ಮತ್ತೆ ಗುಳಿಗಳು

ಡಿಸ್ಕ್ ಒಣಗಿದಾಗ ಭಾರ ಸಮನಾಗಿ ಹರಡಲ್ಲ, ಮೂಳೆಯ ಮೇಲ್ಮೈಗೆ ನೇರ ಒತ್ತಡ ಬೀಳತ್ತೆ, ಆ ಪದರ ಗಟ್ಟಿ ಆಗತ್ತೆ. ಎಕ್ಸ್‌ರೇನಲ್ಲಿ ಡಿಸ್ಕ್ ಜಾಗದ ಮೇಲೂ ಕೆಳಗೂ ಎರಡು ದಪ್ಪನೆ ಬಿಳಿ ಪಟ್ಟಿ ಕಾಣತ್ತೆ, ಅಷ್ಟೇ ಸ್ಕ್ಲೆರೋಸಿಸ್. ಒಂದೊಂದ್ಸಲ ಡಿಸ್ಕ್‌ನ ತಿರುಳು ಎಂಡ್‌ಪ್ಲೇಟ್ ತೂತು ಮಾಡ್ಕೊಂಡು ಮೂಳೆಯೊಳಗೇ ಇಳಿದಿರತ್ತೆ, ಆಗ ಮೂಳೆ ಅಂಚಲ್ಲಿ ಬಿಳಿ ಗೆರೆಯಿಂದ ಸುತ್ತಿದ ಸಣ್ಣ ಗುಳಿ ಕಾಣತ್ತೆ. ಇದು ಶ್ಮಾರ್ಲ್ ನೋಡ್, 1927ರಲ್ಲಿ ವಿವರಿಸಿದ ಜರ್ಮನ್ ಪೆಥಾಲಜಿಸ್ಟ್ ಹೆಸರು. ಬಹುಪಾಲು ಜನಕ್ಕೆ ಇದರಿಂದ ಏನೂ ತೊಂದರೆ ಇರಲ್ಲ, ಹುಡುಗರಲ್ಲೂ ಸಿಗತ್ತೆ.

## ಡಿಸ್ಕ್ ಒಳಗೆ ಗ್ಯಾಸ್

‘ವ್ಯಾಕ್ಯೂಮ್ ಫಿನಾಮಿನನ್’ ಅಂತ ಬರೆದಿದ್ರೆ ಓದೋಕೆ ಭಯಂಕರ. ಹೊಟ್ಟೆ ಗ್ಯಾಸ್ ಬೆನ್ನಿಗೆ ಹೋಗಿದೆ ಅಂತ ಅರ್ಥ ಮಾಡ್ಕೊಳ್ಳೋರೂ ಇದ್ದಾರೆ, ಹೊಟ್ಟೆಗೂ ಇದಕ್ಕೂ ಸಂಬಂಧ ಇಲ್ಲ. ತಿರುಳು ಒಣಗಿ ಬಿರುಕು ಬಿಟ್ಟ ಡಿಸ್ಕ್ ಒಳಗೆ, ಬೆನ್ನು ಹಿಂದಕ್ಕೆ ಬಾಗಿಸಿದಾಗ ಬಿರುಕು ಅಗಲ ಆಗಿ ಒತ್ತಡ ಇಳಿಯತ್ತೆ, ಸುತ್ತಲಿನ ದ್ರವದಲ್ಲಿ ಕರಗಿದ್ದ ಸಾರಜನಕ ಹೊರಬಂದು ಆ ಬಿರುಕಿನಲ್ಲಿ ತುಂಬ್ಕೊಳ್ಳತ್ತೆ. ಬೂದು ಜಾಗದ ಮಧ್ಯೆ ಕರ್ರನೆ ಅಡ್ಡ ಗೆರೆ. ಮುಂದಕ್ಕೆ ಬಗ್ಗಿಸಿ ಇನ್ನೊಂದು ಫೋಟೋ ತೆಗೆದ್ರೆ ಎಷ್ಟೋ ಸಲ ಅದೇ ಗೆರೆ ಮಾಯ. ಸ್ವೀಡನ್ನಿನ ಕ್ನುಟ್‌ಸನ್ 1942ರಲ್ಲಿ ಇದನ್ನ ವಿವರವಾಗಿ ಬರೆದರು.

ವಿಚಿತ್ರ ಏನಂದ್ರೆ ಈ ಗೆರೆ ಕಂಡ್ರೆ ಡಾಕ್ಟರ್‌ಗೆ ಒಂದು ಥರ ಸಮಾಧಾನ. ಸೋಂಕು ತಗುಲಿದ ಡಿಸ್ಕ್‌ನಲ್ಲಿ ಕೀವು, ದ್ರವ ತುಂಬಿರತ್ತೆ, ಗ್ಯಾಸ್‌ಗೆ ಜಾಗ ಇರೋದು ತೀರಾ ಅಪರೂಪ. ಗ್ಯಾಸ್ ಇದೆ ಅಂದ್ರೆ ಅದು ಬಹುತೇಕ ಬರೀ ಸವೆತ.

## ಜಾರಿದೆ ಅಂದ್ರೆ ಯಾವುದು ಜಾರಿದೆ

ಮಾತಲ್ಲಿ ‘ಡಿಸ್ಕ್ ಜಾರಿದೆ’ ಅಂತೀವಿ. ಡಿಸ್ಕ್ ಜಾರಲ್ಲ, ಅದು ಮೇಲೂ ಕೆಳಗೂ ಮೂಳೆಗೆ ಅಂಟಿಕೊಂಡೇ ಇರತ್ತೆ, ಉಬ್ಬತ್ತೆ ಅಥವಾ ಒಡೆದು ತಿರುಳು ಹೊರಗೆ ಬರತ್ತೆ, ಅದು ಎಕ್ಸ್‌ರೇಗೆ ಕಾಣದ ಸಂಗತಿ ಅಂತ ಆಗಲೇ ಹೇಳಿದೆ. ಎಕ್ಸ್‌ರೇನಲ್ಲಿ ಕಾಣೋ ಜಾರಾಟ ಮೂಳೆಯದ್ದು: ಮೇಲಿನ ಮೂಳೆ ಕೆಳಗಿನದರ ಮೇಲೆ ಮುಂದಕ್ಕೆ ಸರಿದಿದ್ರೆ ಸ್ಪಾಂಡಿಲೋಲಿಸ್ಥೆಸಿಸ್, ಹಿಂದಕ್ಕೆ ಸರಿದಿದ್ರೆ ರೆಟ್ರೋಲಿಸ್ಥೆಸಿಸ್. ಸವೆತದಿಂದ ಆಗೋ ಮುಂಜಾರಾಟ ಹೆಚ್ಚಾಗಿ ಎಲ್4-ಎಲ್5ನಲ್ಲಿ, ಐವತ್ತು ದಾಟಿದ ಹೆಂಗಸರಲ್ಲಿ ಜಾಸ್ತಿ. ಗ್ರೇಡ್ 1 ಅಂದ್ರೆ ಕೆಳಗಿನ ಮೂಳೆಯ ಅಗಲದ ಕಾಲು ಭಾಗದೊಳಗೆ ಜಾರಿದೆ ಅಂತ, 1932ರಿಂದ ಬಳಕೆಯಲ್ಲಿರೋ ಮೇಯರ್ಡಿಂಗ್ ಅಳತೆ ಇದು. ಸವೆತದ ಜಾರಾಟ ಗ್ರೇಡ್ 1 ದಾಟೋದು ಕಮ್ಮಿ. ಮೂಳೆ ನಿಂತ ಕಡೆ ನಿಂತಿದೆಯಾ ಇಲ್ಲಾ ಬಗ್ಗಿದಾಗ ಓಡಾಡ್ತಿದೆಯಾ ಅಂತ ನೋಡೋಕೆ ಮುಂದಕ್ಕೆ ಬಗ್ಗಿಸಿ ಒಂದು, ಹಿಂದಕ್ಕೆ ಬಾಗಿಸಿ ಒಂದು ಫೋಟೋ ತೆಗೆಸ್ತಾರೆ. ಎಂಆರ್‌ಐ ಮಾಮೂಲಾಗಿ ಮಲಗಿಸಿ ತೆಗೆಯೋದು, ಭಾರ ಬಿದ್ದಾಗ ಮಾತ್ರ ಕಾಣೋ ಜಾರಾಟ ಅಲ್ಲಿ ತಪ್ಪಿಸ್ಕೊಳ್ಳಬಹುದು, ಈ ಒಂದು ವಿಷಯದಲ್ಲಿ ನಿಂತು ತೆಗೆಸಿದ ಎಕ್ಸ್‌ರೇನೇ ಮುಂದೆ.

‘ಲಾಸ್ ಆಫ್ ಲಾರ್ಡೋಸಿಸ್’ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಸೊಂಟದಲ್ಲಿ ಸಹಜವಾಗಿ ಒಳಕ್ಕೆ ಒಂದು ಬಾಗು ಇರತ್ತೆ, ನೋವಿಗೆ ಸ್ನಾಯು ಬಿಗಿದಾಗ ಅದು ನೆಟ್ಟಗಾಗತ್ತೆ, ಟೇಬಲ್ ಮೇಲೆ ಮಂಡಿ ಮಡಚಿ ಮಲಗಿಸಿದ್ರೂ ನೆಟ್ಟಗಾಗತ್ತೆ.

## ಸವೆತದಂಗೆ ಕಂಡು ಸವೆತ ಅಲ್ಲದೇ ಇರೋದು

ರೇಡಿಯಾಲಜಿಸ್ಟ್ ನಿಜವಾಗಿ ಬೆವರು ಸುರಿಸೋದು ಇಲ್ಲಿ. ಡಿಸ್ಕ್ ಜಾಗ ಕಿರಿದಾಗೋದು ಸವೆತದಲ್ಲಿ ಮಾತ್ರ ಅಲ್ಲ, ಸೋಂಕಿನಲ್ಲೂ ಆಗತ್ತೆ, ನಮ್ಮ ದೇಶದಲ್ಲಿ ಬೆನ್ನುಮೂಳೆ ಟಿಬಿ ಇನ್ನೂ ಇರೋ ಕಾಯಿಲೆ. ಎರಡನ್ನೂ ಬೇರೆ ಮಾಡೋದು ಅಂಚು. ಸವೆತದಲ್ಲಿ ಡಿಸ್ಕ್ ಜಾಗ ಕಿರಿದಾದ್ರೂ ಎಂಡ್‌ಪ್ಲೇಟ್ ಗೆರೆ ಚೂಪಾಗಿ, ಬೆಳ್ಳಗೆ, ಪೆನ್ಸಿಲ್‌ನಲ್ಲಿ ಗೀಚಿದಷ್ಟು ಸ್ಪಷ್ಟ ಇರತ್ತೆ. ಸೋಂಕಿನಲ್ಲಿ ಆ ಗೆರೆ ಮಸುಕಾಗತ್ತೆ, ಅಲ್ಲಲ್ಲಿ ತಿಂದು ಹಾಕಿರತ್ತೆ, ಪಕ್ಕದ ಎರಡೂ ಮೂಳೆ ಸೊರಗಿರತ್ತೆ, ಕೀವು ಇಳಿದು ಪಕ್ಕದ ಸೋಆಸ್ ಸ್ನಾಯುವಿನ ನೆರಳು ಉಬ್ಬಿರಬಹುದು. ಕಷ್ಟ ಏನಂದ್ರೆ ಮೂಳೆಯ ಖನಿಜಾಂಶದಲ್ಲಿ ಮೂರನೇ ಒಂದು ಭಾಗಕ್ಕೂ ಮೇಲೆ ಹೋದ ನಂತರವೇ ಎಕ್ಸ್‌ರೇನಲ್ಲಿ ಆ ಹಾನಿ ಚೆನ್ನಾಗಿ ಕಾಣೋದು, ಅಂದ್ರೆ ಮೊದಲ ಕೆಲವು ವಾರ ಫೋಟೋ ಸುಮ್ಮನೇ ಇರತ್ತೆ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಮಲಗಿದ್ರೂ ಬಿಡದ ನೋವು ಇದ್ದು ಎಕ್ಸ್‌ರೇ ಚೆನ್ನಾಗೇ ಇದೆ ಅಂದ್ರೆ ಅಲ್ಲಿಗೇ ಬಿಡಂಗಿಲ್ಲ.

ದನ, ಕುರಿ, ಮೇಕೆ ಸಾಕೋರು, ಕಾಯಿಸದ ಹಾಲು ಕುಡಿಯೋ ಅಭ್ಯಾಸ ಇರೋರು ಅದನ್ನ ಡಾಕ್ಟರ್‌ಗೆ ಹೇಳ್ಲೇಬೇಕು. ಪ್ರಾಣಿಗಳಿಂದ ಬರೋ ಬ್ರೂಸೆಲ್ಲಾ ಅನ್ನೋ ಬ್ಯಾಕ್ಟೀರಿಯಾಕ್ಕೆ ಸೊಂಟದ ಮೂಳೆ ಅಂದ್ರೆ ಇಷ್ಟ, ಮೂಳೆಯ ಮುಂದಿನ ಮೇಲ್ಮೂಲೆಯನ್ನ ಕೊರೆಯತ್ತೆ, ಆಮೇಲೆ ಅಲ್ಲೇ ಕೊಕ್ಕೆನೂ ಬೆಳೆಯೋದ್ರಿಂದ ಸವೆತ ಅಂತ ಅಂದ್ಕೊಳ್ಳೋದು ಸುಲಭ.

ಕರ್ನಾಟಕಕ್ಕೆ ಸಂಬಂಧಪಟ್ಟ ಇನ್ನೊಂದು ಇದೆ, ಫ್ಲೋರೋಸಿಸ್. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳ ಕಡೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇದೆ, ಭಾರತದ ಮಾನದಂಡದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಸಿಗದಿದ್ರೆ 1.5 ತನಕ. ಹತ್ತಾರು ವರ್ಷ ಅದನ್ನೇ ಕುಡಿದವರ ಬೆನ್ನು ಬಿಗಿಯತ್ತೆ, ಎಕ್ಸ್‌ರೇನಲ್ಲೂ ಕೊಕ್ಕೆಗಳು ಸಿಗತ್ವೆ. ಆದ್ರೆ ಸವೆತ ಸಾಮಾನ್ಯವಾಗಿ ಒಂದೋ ಎರಡೋ ಡಿಸ್ಕ್ ಹತ್ರ ಇದ್ರೆ, ಫ್ಲೋರೋಸಿಸ್‌ನಲ್ಲಿ ಎಲ್ಲಾ ಮೂಳೆನೂ ಸೀಮೆಸುಣ್ಣದಷ್ಟು ಬೆಳ್ಳಗೆ, ಮೂಳೆಗಳನ್ನ ಕಟ್ಟಿ ಹಿಡಿಯೋ ಲಿಗಮೆಂಟ್‌ಗಳಲ್ಲೂ ಸುಣ್ಣ ಕಟ್ಟಿರತ್ತೆ. ಭಾರತದಲ್ಲಿ ಇದನ್ನ ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರೆಸಿಡೆನ್ಸಿಯ ನೆಲ್ಲೂರು ಜಿಲ್ಲೆಯಿಂದ. ಅಂಥ ಊರಿಂದ ಬಂದವರ ಮುಂಗೈ ಎಕ್ಸ್‌ರೇ ಕೂಡ ತೆಗೆಸ್ತಾರೆ, ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿದ್ರೆ ಅನುಮಾನ ಗಟ್ಟಿ.

ಮೂವತ್ತರ ಒಳಗಿನ ಹುಡುಗರಿಗೆ ಬೆಳಿಗ್ಗೆ ಎದ್ದಾಗ ಬೆನ್ನು ಕಟ್ಟಿಗೆ ಆಗಿರೋದು, ಓಡಾಡಿದ್ರೆ ಸಲೀಸಾಗೋದು ಇದ್ರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನೋ ಉರಿಯೂತದ ಕಾಯಿಲೆ ಇರಬಹುದು. ಹೆಸರು ಸ್ಪಾಂಡಿಲೋಸಿಸ್ ಥರಾನೇ ಇದ್ರೂ ಕಾಯಿಲೆ ಪೂರ್ತಿ ಬೇರೆ, ಚಿಕಿತ್ಸೆನೂ ಬೇರೆ. ಅಲ್ಲಿ ಮೂಳೆ ಅಡ್ಡಕ್ಕೆ ಚಾಚಲ್ಲ, ಒಂದರಿಂದ ಇನ್ನೊಂದಕ್ಕೆ ನೇರ ಮೇಲಕ್ಕೆ ಸೇತುವೆ ಕಟ್ಟತ್ತೆ, ಶುರು ಆಗೋದು ಸೇಕ್ರಮ್ ಪಕ್ಕದ ಕೀಲುಗಳಲ್ಲಿ.

## ಫೋಟೋ ಇಷ್ಟು ಕೆಟ್ಟದಾಗಿದ್ರೆ ನೋವೂ ಅಷ್ಟೇ ಇರಬೇಕಲ್ವಾ

ಇರಬೇಕಿಲ್ಲ, ಇಡೀ ವಿಷಯದಲ್ಲಿ ಜನಕ್ಕೆ ನಂಬೋಕೆ ಕಷ್ಟ ಆಗೋದು ಇದೇ. ಬೆನ್ನು ನೋವು ಏನೂ ಇಲ್ಲದ 3,110 ಜನರ ಸಿಟಿ, ಎಂಆರ್‌ಐ ಫಲಿತಾಂಶಗಳನ್ನ ಒಟ್ಟಿಗೆ ಸೇರಿಸಿ 2015ರಲ್ಲಿ ಒಂದು ವಿಮರ್ಶೆ ಬಂತು. ಇಪ್ಪತ್ತರ ವಯಸ್ಸಿನವರಲ್ಲೇ ಶೇಕಡಾ 37 ಜನಕ್ಕೆ ಡಿಸ್ಕ್ ಸವೆತ ಇತ್ತು, ಎಂಬತ್ತರ ವಯಸ್ಸಿನವರಲ್ಲಿ ಶೇಕಡಾ 96. ಇವರೆಲ್ಲ ನೋವಿಲ್ಲದೆ ಓಡಾಡ್ಕೊಂಡಿದ್ದವರು. ಎಕ್ಸ್‌ರೇ ಇನ್ನೂ ಕಮ್ಮಿ ತೋರಿಸೋ ಸಾಧನ. ಸವೆತ ಇರೋರಲ್ಲಿ ನೋವು ಸ್ವಲ್ಪ ಜಾಸ್ತಿ ಅನ್ನೋದೂ ನಿಜವೇ, ತೀರಾ ಕಿರಿದಾದ ಡಿಸ್ಕ್‌ಗೂ ನೋವಿಗೂ ನಂಟು ಕೊಕ್ಕೆಗಿಂತ ಜಾಸ್ತಿ. ಆದ್ರೆ ಒಬ್ಬರ ಫಿಲ್ಮ್ ಮುಂದಿಟ್ಟು ಇವರಿಗೆ ನೋವಿದೆಯಾ ಇಲ್ವಾ ಅಂತ ಕೇಳಿದ್ರೆ ಯಾರೂ ಗ್ಯಾರಂಟಿ ಕೊಟ್ಟು ಹೇಳಕ್ಕಾಗಲ್ಲ.

ಬ್ರಿಟನ್ನಿನಲ್ಲಿ 421 ಜನ ಬೆನ್ನು ನೋವಿನವರನ್ನ ಎರಡು ಗುಂಪು ಮಾಡಿ ಒಂದು ಗುಂಪಿಗೆ ಎಕ್ಸ್‌ರೇ ತೆಗೆಸಿದ್ರು, ಇನ್ನೊಂದಕ್ಕೆ ಇಲ್ಲ, 2001ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳಾದ ಮೇಲೆ ಕೇಳಿದ್ರೆ ಎಕ್ಸ್‌ರೇ ತೆಗೆಸಿದವರೇ ಜಾಸ್ತಿ ನೋವು ಅಂದ್ರು, ಡಾಕ್ಟರ್ ಹತ್ರ ಜಾಸ್ತಿ ಸಲ ಹೋಗಿದ್ದೂ ಅವರೇ. ತಮಾಷೆ ಅಂದ್ರೆ ಒಂಬತ್ತು ತಿಂಗಳ ಹೊತ್ತಿಗೆ ತಮಗೆ ಸಿಕ್ಕ ಚಿಕಿತ್ಸೆ ಬಗ್ಗೆ ಜಾಸ್ತಿ ತೃಪ್ತಿ ಇದ್ದಿದ್ದೂ ಎಕ್ಸ್‌ರೇ ಗುಂಪಿಗೇನೇ!

ಅದಕ್ಕೇ ಅಮೆರಿಕ, ಬ್ರಿಟನ್ ಗೈಡ್‌ಲೈನ್‌ಗಳು ಅಪಾಯದ ಲಕ್ಷಣ ಇಲ್ಲದ ಹೊಸ ಸೊಂಟ ನೋವಿಗೆ ಕೂಡ್ಲೇ ಫೋಟೋ ಬೇಡ ಅಂತವೆ, ಬಹಳಷ್ಟು ನೋವು ಕೆಲವು ವಾರದಲ್ಲಿ ತಾನೇ ಇಳಿಯತ್ತೆ. ವಿಕಿರಣದ ಲೆಕ್ಕಾನೂ ಇದೆ, ಸೊಂಟದ ಎಕ್ಸ್‌ರೇಗೆ ಸುಮಾರು 1.5 ಮಿಲಿಸೀವರ್ಟ್, ಮಣ್ಣು ಕಲ್ಲು ಆಕಾಶದಿಂದ ನಮಗೆ ಸಹಜವಾಗೇ ಆರೇಳು ತಿಂಗಳಲ್ಲಿ ಬೀಳೋಷ್ಟು. ಒಂದು ಸಲಕ್ಕೆ ಹೆದರೋ ಅಂಥದ್ದಲ್ಲ, ಆದ್ರೆ ಎದೆ ಎಕ್ಸ್‌ರೇಗಿಂತ ಎಷ್ಟೋ ಪಟ್ಟು ಜಾಸ್ತಿ, ಸುಮ್ಮಸುಮ್ಮನೆ ಆರು ತಿಂಗಳಿಗೊಂದು ತೆಗೆಸೋದಲ್ಲ. ಗರ್ಭಿಣಿ ಆಗಿರೋ ಸಾಧ್ಯತೆ ಇದ್ರೆ ಟೆಕ್ನಿಷಿಯನ್‌ಗೆ ಮೊದಲೇ ಹೇಳಬೇಕು.

ಎಕ್ಸ್‌ರೇಗಾಗಿ ಕಾಯದೆ ಆವತ್ತೇ ಆಸ್ಪತ್ರೆಗೆ ಓಡಬೇಕಾದ ಸಂದರ್ಭ ಬೇರೆ ಇವೆ. ಮೂತ್ರ ಕಟ್ಟಿದ್ರೆ ಅಥವಾ ಗೊತ್ತಿಲ್ಲದೆ ಹೋಗ್ತಿದ್ರೆ, ತೊಡೆ ಸಂದು, ಗುದದ ಸುತ್ತ ಜೋಮು ಹಿಡಿದ್ರೆ, ಕಾಲಿನ ಬಲ ದಿನದಿಂದ ದಿನಕ್ಕೆ ಕಮ್ಮಿ ಆಗ್ತಿದ್ರೆ ಕೆಳಗಿನ ನರಗಳ ಗೊಂಚಲೇ ಒತ್ತಿಹೋಗಿರಬಹುದು, ಅಲ್ಲಿ ಗಂಟೆಗಳ ಲೆಕ್ಕ. ಬಿದ್ದು ಪೆಟ್ಟಾಗಿದ್ರೆ, ಮೊದಲು ಕ್ಯಾನ್ಸರ್ ಆಗಿದ್ರೆ, ತುಂಬಾ ದಿನ ಸ್ಟೆರಾಯ್ಡ್ ತಗೊಂಡಿದ್ರೆ, ವಯಸ್ಸಾದವರಿಗೆ ಇದ್ದಕ್ಕಿದ್ದಂಗೆ ನೋವು ಬಂದಿದ್ರೆ ಫೋಟೋ ಬೇಕೇ ಬೇಕು, ಆಗ ಹುಡುಕೋದು ಸವೆತ ಅಲ್ಲ, ಮೂಳೆ ಮುರಿದಿದೆಯಾ, ತಿಂದುಹೋಗಿದೆಯಾ ಅಂತ.

## ಹಳೇ ಫಿಲ್ಮ್ ಎಸೀಬೇಡಿ

ಐದು ವರ್ಷದ ಹಿಂದಿನ ಎಕ್ಸ್‌ರೇ ಪಕ್ಕದಲ್ಲಿಟ್ಟು ನೋಡಿದಾಗ ಸಿಗೋ ಮಾಹಿತಿ ಇವತ್ತಿನ ಒಂದೇ ಫೋಟೋದಲ್ಲಿ ಸಿಗಲ್ಲ. ಕಿರಿದಾದ ಡಿಸ್ಕ್ ಆಗಲೂ ಹಾಗೇ ಇತ್ತು ಅಂದ್ರೆ ಈಗಿನ ನೋವಿಗೆ ಬೇರೆ ಕಾರಣ ಹುಡುಕಬೇಕು, ಆರೇ ತಿಂಗಳಲ್ಲಿ ಕಿರಿದಾಗಿದೆ ಅಂದ್ರೆ ಅದು ಸವೆತದ ವೇಗ ಅಲ್ಲ, ಸೋಂಕಿನ ಅನುಮಾನ. ಎಂಆರ್‌ಐಗೆ ಹೋಗುವಾಗಲೂ ಎಕ್ಸ್‌ರೇ ಜೊತೆಗಿರಲಿ. ಸೇಕ್ರಮ್‌ಗೆ ಬೆಸೆದ ಮೂಳೆ ಇರೋರಲ್ಲಿ ಎಂಆರ್‌ಐನವರು ಕೆಳಗಿಂದ ಎಣಿಸಿ ಎಲ್5-ಎಸ್1 ಅಂದಿದ್ದು, ಎಕ್ಸ್‌ರೇನವರು ಪಕ್ಕೆಲುಬಿಂದ ಎಣಿಸಿ ಎಲ್4-ಎಲ್5 ಅಂದಿದ್ದು ಒಂದೇ ಡಿಸ್ಕ್ ಆಗಿರಬಹುದು, ಇಂಜೆಕ್ಷನ್ನೋ ಆಪರೇಷನ್ನೋ ಅಂತ ಬಂದಾಗ ಎರಡೂ ಫಿಲ್ಮ್ ಒಟ್ಟಿಗೆ ಇಟ್ಟು ಎಣಿಸದೇ ಇದ್ರೆ ಸೂಜಿ ಇಳಿಯೋದು ಪಕ್ಕದ ಡಿಸ್ಕ್‌ಗೆ.